ಗುಂಪಿನಿಂದ ಆಚೆಗೆ ಕರಕೊಂಡು ಹೋದ ಕರ್ತನು

ಓದತಕ್ಕ ಭಾಗ: ಮಾರ್ಕನ ಸುವಾರ್ತೆ 7ನೆಯ ಅಧ್ಯಾಯ, 31ರಿಂದ 37ನೆಯ ವಚನಗಳು.



ದೆಕಪೊಲಿಯ ಸೀಮೆಯಲ್ಲಿ ಕೆಲವರು ಒಬ್ಬ ಕಿವುಡನನ್ನು ಕರ್ತನ ಬಳಿಗೆ ಕರತಂದರು. ಅವನಿಗೆ ಮಾತು ಸರಿಯಾಗಿ ಬರುತ್ತಿರಲಿಲ್ಲ. ಆತನು ಅವನ ಮೇಲೆ ಕೈಯಿಡಬೇಕೆಂಬದೇ ಅವರ ಬೇಡಿಕೆಯಾಗಿತ್ತು. ಜನರೆಲ್ಲರ ಮುಂದೆ ಕೈಯಿಟ್ಟು ಒಂದು ಮಾತು ಹೇಳಿದ್ದರೆ ಕೆಲಸವು ತೀರುತ್ತಿತ್ತು, ನೋಡುವವರಿಗೂ ಆಶ್ಚರ್ಯವಾಗುತ್ತಿತ್ತು. ಆದರೆ ಕರ್ತನು ಹಾಗೆ ಮಾಡಲಿಲ್ಲ. ಮೊದಲು ಆ ಮನುಷ್ಯನನ್ನು ಗುಂಪಿನಿಂದ ಆಚೆಗೆ ಕರಕೊಂಡು ಹೋದನು. ತರುವಾಯ ತನ್ನ ಬೆರಳುಗಳನ್ನು ಅವನ ಕಿವಿಗಳಲ್ಲಿ ಇಟ್ಟನು. ಉಗುಳಿ ಅವನ ನಾಲಿಗೆಯನ್ನು ಮುಟ್ಟಿದನು. ಆಕಾಶದ ಕಡೆಗೆ ನೋಡಿ ನಿಟ್ಟುಸಿರು ಬಿಟ್ಟನು. ಬಾಯಿಮಾತು ಬಂದದ್ದು ಇವೆಲ್ಲವುಗಳ ಮೇಲೆ.

ಈ ಭಾಗವನ್ನು ನಾನು ಎಷ್ಟೋ ಸಾರಿ ಓದಿದ್ದೆನು, ಇದರ ಮೇಲೆ ಪ್ರಸಂಗವನ್ನೂ ಮಾಡಿದ್ದೆನು. ಎಪ್ಫಥಾ ಎಂಬ ಮಾತಿನ ಅರ್ಥವನ್ನು ಸೆಮಿನರಿಯಲ್ಲಿ ಕಲಿಸಿದರು, ಪರೀಕ್ಷೆಯಲ್ಲಿಯೂ ಕೇಳಿದರು, ನಾನೂ ಬರೆದೆನು. ಆದರೆ ಆ ಮಾತಿಗಿಂತ ಮೊದಲು ಬೆರಳುಗಳು ಯಾಕೆ ಬಂದವೆಂದು ನಾನು ಎಂದೂ ವಿಚಾರಿಸಲಿಲ್ಲ. ಕಿವುಡನ ಸಂಗಡ ಕೂಗಿ ಮಾತಾಡಿ ಏನು ಪ್ರಯೋಜನ? ಅವನು ಬಲ್ಲ ಭಾಷೆ ಕಣ್ಣಿನದೂ ಮೈಮುಟ್ಟಿನದೂ ಆಗಿತ್ತು. ಹೀಗಿರಲಾಗಿ ಕರ್ತನು ಅವನ ಭಾಷೆಯನ್ನೇ ಮೊದಲು ಆಡಿದನು. ಇದನ್ನು ನನಗೆ ತಿಳಿಸಿದವನು ಯಾವ ಪಂಡಿತನೂ ಅಲ್ಲ, ನಮ್ಮ ಸಭೆಯ ಏಳು ವರುಷದ ಒಬ್ಬ ಹುಡುಗನು.

ಅವನ ಹೆಸರನ್ನು ಬರೆಯುವದಿಲ್ಲ. ಅವನು ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಆದರೂ ಕಿವುಡನಲ್ಲ. ಉಂಡಿಯೇನೋ ಎಂದು ಕೇಳಿದರೆ, ಉಂಡಿಯೇನೋ ಎಂದೇ ತಿರುಗಿ ಹೇಳುತ್ತಿದ್ದನು. ಗಂಟೆ ಬಾರಿಸಿದರೆ ಎರಡು ಕೈಗಳಿಂದ ಕಿವಿ ಮುಚ್ಚಿಕೊಂಡು ಚೀರುತ್ತಿದ್ದನು. ಹಾರ್ಮೋನಿಯಂ ತಬಲಾಗಳು ಕೂಡಿ ನುಡಿದಾಗಲಂತೂ ಅವನನ್ನು ಹಿಡಿಯುವದು ತಾಯಿಗೆ ಸಾಧ್ಯವಾಗುತ್ತಿರಲಿಲ್ಲ. ಒಂದು ಆದಿತ್ಯವಾರ ಪ್ರಸಂಗದ ನಡುವೆ ಅವನು ಎದ್ದು ಓಡಾಡಿ ಕೂಗಲು, ನಾನು ವಾಕ್ಯವನ್ನು ನಿಲ್ಲಿಸಿ, "ತಂಗೀ, ಅವನನ್ನು ಹೊರಗೆ ಕರಕೊಂಡು ಹೋಗು, ಸಭೆಗೆ ತೊಂದರೆಯಾಗುತ್ತದೆ" ಎಂದೆನು. ಆಕೆ ತಲೆ ತಗ್ಗಿಸಿ ಹೊರಗೆ ಹೋದಳು. ಮುಂದಿನ ವಾರ ಮೊದಲಿನಿಂದಲೇ ಬೇವಿನ ಮರದ ಕೆಳಗೆ ನಿಂತಿದ್ದಳು. ಅದರ ಮುಂದಿನ ವಾರ ಬರಲಿಲ್ಲ. ಐದು ತಿಂಗಳು ಬರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆಯುತ್ತಾ, ಈಕೆಯ ವಿಶ್ವಾಸವು ತಣ್ಣಗಾಯಿತೆಂದು ಎಣಿಸಿಕೊಂಡೆನು.

ಕರ್ತನೂ ಒಬ್ಬನನ್ನು ಗುಂಪಿನಿಂದ ಹೊರಗೆ ಮಾಡಿದನು, ನಾನೂ ಮಾಡಿದೆನು. ಆತನು ಅವನ ಸಂಗಡ ಹೋದನು. ನಾನು ಕಳುಹಿಸಿಬಿಟ್ಟು ಪ್ರಸಂಗವನ್ನು ಮುಂದುವರಿಸಿದೆನು.

ಕಡೆಗೆ ಆ ಮನೆಗೆ ಹೋದಾಗ ಹುಡುಗನ ಬೆನ್ನಿನ ಮೇಲೆ ಬರೆಗಳಿದ್ದವು. ನೆಂಟರು ಅವನನ್ನು ದೂರದ ಊರಿನ ಒಬ್ಬನ ಬಳಿಗೆ ಕರಕೊಂಡು ಹೋಗಿದ್ದರಂತೆ. ಅವನು ದೆವ್ವ ಬಿಡಿಸುತ್ತೇನೆಂದು ಮೂರು ರಾತ್ರಿ ಮಗುವನ್ನು ಉಪವಾಸ ಕೆಡವಿ ಬೆತ್ತದಿಂದ ಹೊಡೆದನಂತೆ. ಮಾಟಗಾರನು ಹೀಗೆ ಮಾಡಿದನೆಂದು ಹೇಳಿ ನಾವು ನಿಟ್ಟುಸಿರು ಬಿಡಬಹುದಾಗಿತ್ತು. ಆದರೆ ಅವನು ಹೊಡೆಯುವಾಗ ಉಚ್ಚರಿಸಿದ್ದು ನಮ್ಮ ರಕ್ಷಕನ ನಾಮವನ್ನೇ. ಪ್ರಿಯರೇ, ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ: ಮಗುವನ್ನು ಹೊಡೆಯುವದೂ ಕಟ್ಟಿಹಾಕುವದೂ ಪ್ರಾರ್ಥನೆಯಲ್ಲ. ಕರ್ತನು ಮಕ್ಕಳ ಮೇಲೆ ಕೈಯಿಟ್ಟನೆಂದು ಓದುತ್ತೇವೆ, ಕೈಯೆತ್ತಿದನೆಂದು ಎಲ್ಲಿಯೂ ಓದುವದಿಲ್ಲ.

ಆ ತಾಯಿ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಆಕೆ ಕೇಳಿದ್ದು ಇಷ್ಟೇ: "ಅಯ್ಯನವರೇ, ನಾನು ಏನು ಪಾಪ ಮಾಡಿದೆನು?"

ಇದು ಹೊಸ ಪ್ರಶ್ನೆಯಲ್ಲ. ಹುಟ್ಟುಕುರುಡನನ್ನು ಕಂಡ ಶಿಷ್ಯರೂ ಇದನ್ನೇ ಕೇಳಿದರು. ಅವನ ಪಾಪವೂ ಅಲ್ಲ, ತಂದೆತಾಯಿಗಳ ಪಾಪವೂ ಅಲ್ಲವೆಂದು ಕರ್ತನು ತೀರ್ಪು ಕೊಟ್ಟದ್ದನ್ನು ಯೋಹಾನನು 9ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಅದನ್ನು ಓದಿ ಹೇಳಿದೆನು. ತರುವಾಯ ಆಕೆಯ ಸಂಗಡ ಜಿಲ್ಲಾ ಆಸ್ಪತ್ರೆಗೆ ಹೋದೆನು. ಹುಡುಗನ ಸ್ಥಿತಿಗೆ ಆಟಿಸಂ, ಕನ್ನಡದಲ್ಲಿ ಸ್ವಲೀನತೆ, ಎಂದು ಹೆಸರಿರುವದನ್ನು ಅಲ್ಲಿಯ ವೈದ್ಯರು ತಿಳಿಸಿದರು. ಅದು ಅಂಟುವ ರೋಗವಲ್ಲ, ದೆವ್ವವಲ್ಲ, ತಾಯಿಯ ತಪ್ಪಲ್ಲ, ಲಸಿಕೆಯಿಂದ ಬಂದದ್ದೂ ಅಲ್ಲ. ಮಿದುಳು ಬೆಳೆಯುವ ರೀತಿಯೇ ಅವರಲ್ಲಿ ಬೇರೆ. ಅನೇಕವೇಳೆ ಅದು ವಂಶದಲ್ಲಿಯೇ ಇಳಿದು ಬರುತ್ತದೆ. ನಮಗೆ ಇಂಪಾದ ಗಂಟೆಯು ಅವರಿಗೆ ಕಿವಿಯಲ್ಲಿ ಸೂಜಿ ಚುಚ್ಚಿದಂತೆ ಆಗಬಹುದು. ನಾನು ಹಟವೆಂದು ತಿಳಿದುಕೊಂಡದ್ದು ನೋವಾಗಿತ್ತು.

ಇದರ ಚರಿತ್ರೆಯನ್ನು ಸ್ವಲ್ಪ ಹೇಳುವದು ಅವಶ್ಯ, ಯಾಕಂದರೆ ವಿದ್ಯಾವಂತರು ಕೂಡ ಇದರಲ್ಲಿ ಎಡವಿದರು. ಅಮೇರಿಕದ ಬಾಲ್ಟಿಮೋರ್ ಪಟ್ಟಣದ ಮಕ್ಕಳ ವೈದ್ಯರಾದ ಲಿಯೋ ಕ್ಯಾನರ್ ಎಂಬವರು 1943ರಲ್ಲಿ ಇಂಥ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಆ ಕಾಲದಲ್ಲಿ ಅವರು ಹೆತ್ತವರಲ್ಲಿ ಪ್ರೀತಿ ಸಾಲದೆಂಬಂತೆ ಕೆಲವು ಮಾತುಗಳನ್ನು ಬರೆದರು. ಬೇರೆಯವರು ಅದನ್ನು ಇನ್ನೂ ಬೆಳಸಿದರು. ಎಷ್ಟೋ ತಾಯಂದಿರು ಎಷ್ಟೋ ವರುಷ ಆ ಅಪವಾದವನ್ನು ಹೊತ್ತರು. 1969ರಲ್ಲಿ ಅದೇ ಕ್ಯಾನರ್ ಹೆತ್ತವರ ಒಂದು ಕೂಟದ ಮುಂದೆ ನಿಂತು ಅವರೆಲ್ಲರನ್ನು ನಿರ್ದೋಷಿಗಳೆಂದು ಬಹಿರಂಗವಾಗಿ ಸಾರಿದರು. ಕರ್ತನು ಒಂದೇ ಮಾತಿನಲ್ಲಿ ತೀರಿಸಿದ ವ್ಯಾಜ್ಯವು ಪಂಡಿತರಲ್ಲಿ ತೀರುವದಕ್ಕೆ ಇಷ್ಟು ದಿನ ಹಿಡಿಯಿತು.

ಆ 11 ಮಕ್ಕಳಲ್ಲಿ ಮೊದಲನೆಯವನು ಡೊನಾಲ್ಡ್ ಟ್ರಿಪ್ಲೆಟ್. ಅವನು 1933ರಲ್ಲಿ ಮಿಸಿಸಿಪ್ಪಿ ಸೀಮೆಯ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದನು. ಎಳೆಯ ವಯಸ್ಸಿನಲ್ಲಿಯೇ 23ನೆಯ ಕೀರ್ತನೆಯನ್ನೂ ಪ್ರೆಸ್ಬಿಟೀರಿಯನ್ ಸಭೆಯ ಪ್ರಶ್ನೋತ್ತರದಲ್ಲಿ 25 ಪ್ರಶ್ನೆಗಳನ್ನೂ ಉತ್ತರಗಳನ್ನೂ ಬಾಯಿಪಾಠ ಮಾಡಿದ್ದನು. ಆದರೆ ತಾನಾಗಿ ಒಂದು ಪ್ರಶ್ನೆ ಕೇಳುವದೂ, ಕೇಳಿದ್ದಕ್ಕೆ ಉತ್ತರ ಕೊಡುವದೂ ಅವನಿಗೆ ಬರುತ್ತಿರಲಿಲ್ಲ. ಪ್ರಶ್ನೋತ್ತರ ಕಲಿಸುವದೇ ಕಸುಬಾಗಿರುವ ನಾನು ಇದನ್ನು ಓದಿ ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಕೂತಿದ್ದೆನು. 1937ರಲ್ಲಿ ತಂದೆತಾಯಿಗಳು ಅವನನ್ನು ಒಂದು ಆಶ್ರಯಸ್ಥಾನದಲ್ಲಿ ಬಿಟ್ಟರು. ಮುಂದಿನ ವರುಷ ತಿರುಗಿ ಮನೆಗೆ ಕರತಂದರು.

1942ರಲ್ಲಿ ಅವನನ್ನು ಮನೆಯಿಂದ ಸುಮಾರು 10 ಮೈಲು ದೂರದ ಗೇಣಿ ಹೊಲದಲ್ಲಿ ಒಬ್ಬ ಒಕ್ಕಲಿಗನ ಮತ್ತು ಅವನ ಹೆಂಡತಿಯ ಬಳಿಯಲ್ಲಿ ಇರಿಸಿದರು. ಇವರು ಹೊಲದವರು, ವೈದ್ಯರಲ್ಲ. ಹುಡುಗನಿಗೆ ಏನು ಕಂಡರೂ ಅಳೆಯುವ ಹಂಬಲವಿತ್ತು. ಅವರು ಅವನಿಂದ ಒಂದು ಬಾವಿ ತೋಡಿಸಿ, ಆಳ ಎಷ್ಟಾಯಿತೆಂದು ಹೇಳಲು ಒಪ್ಪಿಸಿದರು. ಅವನು ಸತ್ತ ಹಕ್ಕಿ ಹುಳುಗಳನ್ನು ಕೂಡಿಸುತ್ತಿದ್ದನು. ಛೀ ಎನ್ನದೆ ಅವುಗಳನ್ನು ಹೂಳುವದಕ್ಕೆ ಒಂದು ತುಂಡು ನೆಲವನ್ನು ಕೊಟ್ಟರು. ಅವನು ಒಂದು ಬಸವನಹುಳುವಿಗೆ ಜಾನ್ ಎಂಬ ಹೆಸರಿಟ್ಟು, ಅದರ ಕಡೆಗೆ ಆ ಒಕ್ಕಲಿಗನ ಮನೆತನದ ಹೆಸರನ್ನೇ ಸೇರಿಸಿ ಗುರುತಿನ ಹಲಗೆ ನೆಟ್ಟನು! ಗೋವಿನಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಾ ಹೊತ್ತು ಕಳೆಯುತ್ತಿದ್ದನು. ಎಣಿಸಬೇಡವೆಂದು ಹೇಳದೆ ಕೈಗೆ ನೇಗಿಲು ಕೊಟ್ಟು, ಹೂಡುತ್ತಾ ಎಣಿಸು ಎಂದರು. 1945ರ ಮೇ ತಿಂಗಳಲ್ಲಿ ಕ್ಯಾನರ್ ಅಲ್ಲಿಗೆ ಹೋದಾಗ ಹುಡುಗನು ಅವರ ಕಣ್ಣ ಮುಂದೆ ಆರು ಉದ್ದ ಸಾಲುಗಳನ್ನು ಹೂಡಿ, ಸಾಲಿನ ಕೊನೆಯಲ್ಲಿ ಕುದುರೆಯನ್ನು ಚೆನ್ನಾಗಿ ತಿರುಗಿಸಿದನು. ದೊಡ್ಡ ಆಸ್ಪತ್ರೆಯ ಆ ವೈದ್ಯರು ಒಕ್ಕಲಿಗರ ಜ್ಞಾನಕ್ಕೆ ಆಶ್ಚರ್ಯಪಟ್ಟರೆಂದು ತಾವೇ ಬರೆದಿದ್ದಾರೆ. ಹೋರಿಯನ್ನು ಪಳಗಿಸುವ ನಿಮಗೆ ಇದು ಬೇಗ ತಿಳಿಯುವದು: ಅದರ ನಡಿಗೆಯನ್ನು ಅರಿಯದೆ ನೊಗ ಹೂಡಿದವನು ಸಾಲು ಕಾಣಲಾರನು.

ಹತ್ತಿರದ ಹಳ್ಳಿಯ ಶಾಲೆಯು ಅವನನ್ನು ಅವನ ವಿಚಿತ್ರಗಳ ಸಂಗಡವೇ ಸೇರಿಸಿಕೊಂಡಿತು. ಮುಂದೆ ಅವನು ಕಾಲೇಜು ಮುಗಿಸಿ, ಊರಿನ ಬ್ಯಾಂಕಿನಲ್ಲಿ ಬಹುಕಾಲ ಕೆಲಸ ಮಾಡಿ, ಗಾಲ್ಫ್ ಆಡಿ, ಒಬ್ಬನೇ ಅನೇಕ ದೇಶಗಳನ್ನು ತಿರುಗಿ ನೋಡಿ, 2023ರಲ್ಲಿ 89 ವರುಷದವನಾಗಿ ತನ್ನ ಊರಿನಲ್ಲಿಯೇ ತೀರಿಕೊಂಡನು. ಅವನ ಆಟಿಸಂ ಹೋಗಿರಲಿಲ್ಲ. ಊರು ಅವನನ್ನು ಅರಿತುಕೊಂಡಿತ್ತು.

ಇಲ್ಲಿ ಒಂದು ಎಚ್ಚರಿಕೆ. ಇಂಥ ಎಲ್ಲಾ ಮಕ್ಕಳೂ ಲೆಕ್ಕದಲ್ಲಿ ಜಾಣರಾಗಿರುವದಿಲ್ಲ. ಕೆಲವರು ಜೀವಮಾನವೆಲ್ಲಾ ಒಂದು ಮಾತೂ ಆಡುವದಿಲ್ಲ, ಊಟಕ್ಕೂ ಸ್ನಾನಕ್ಕೂ ಬೇರೆಯವರ ಕೈ ಬೇಕಾಗುವದು. ಕರ್ತನು ಆ ಕಿವುಡನಲ್ಲಿ ಏನು ಜಾಣತನವಿದೆಯೆಂದು ಮೊದಲು ಪರೀಕ್ಷಿಸಲಿಲ್ಲ. ಆದರೆ ಅವನ ನಾಲಿಗೆಯನ್ನು ಬಿಚ್ಚಿದನಲ್ಲಾ, ನಾವೂ ಅದಕ್ಕಾಗಿ ಪ್ರಾರ್ಥಿಸಬಾರದೋ ಎಂದು ಒಬ್ಬ ಹಿರಿಯರು ನನ್ನನ್ನು ಕೇಳಿದರು. ಪ್ರಾರ್ಥಿಸೋಣ, ಆ ತಾಯಿ ಪ್ರತಿದಿನ ಪ್ರಾರ್ಥಿಸುತ್ತಾಳೆ. ಆದರೆ ಆಚೆಗೆ ಕರಕೊಂಡು ಹೋಗುವದೂ ಬೆರಳಿನಿಂದ ಮಾತಾಡುವದೂ ನಮ್ಮ ಕೈಯಲ್ಲಿಯೇ ಇದೆಯಷ್ಟೆ.

ವ್ಯವಹಾರದ ಮಾತೊಂದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಹೆಸರಿಸಿರುವ 21 ಸ್ಥಿತಿಗಳಲ್ಲಿ ಇದೂ ಒಂದು. ಸರಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಪ್ರಮಾಣಪತ್ರ ಪಡೆಯಬೇಕು. ನಿಗದಿಯಾದ ಪ್ರಮಾಣದ ನ್ಯೂನತೆಯುಳ್ಳ ಮಗುವಿಗೆ 6ರಿಂದ 18 ವರುಷದ ವರೆಗೆ ಉಚಿತ ವಿದ್ಯಾಭ್ಯಾಸದ ಹಕ್ಕುಂಟು. ಶಾಲೆಯವರು ಬೇಡವೆಂದರೆ ತಾಯಿಯೊಬ್ಬಳನ್ನೇ ಕಳುಹಿಸಬೇಡಿರಿ, ಸಭೆಯ ಹಿರಿಯರು ಸಂಗಡ ಹೋಗಿರಿ.

ನಮ್ಮ ಹುಡುಗನು ಈಗ ತಿರುಗಿ ಬರುತ್ತಾನೆ. ಗಂಟೆ ಬಾರಿಸುವ ಮೊದಲು ಒಬ್ಬರು ಅವನಿಗೆ ಕೈಸನ್ನೆ ಮಾಡುತ್ತಾರೆ. ಅವನು ಬೇವಿನ ಮರದ ಬಳಿಗೆ ಹೋಗಿ, ಸದ್ದು ನಿಂತ ಮೇಲೆ ಬರುತ್ತಾನೆ. ಮೊದಲೆರಡು ಹಾಡುಗಳಿಗೆ ತಬಲಾ ಇಲ್ಲ. ಕೆಲವರು ಗೊಣಗಿದರು, ಈಗ ಅಭ್ಯಾಸವಾಗಿದೆ.

ಅವನ ಇನ್ನೊಂದು ಕೆಲಸವು ದೇವಾಲಯದ ಬಾಗಿಲ ಹೊರಗೆ ನಡೆಯುತ್ತದೆ. ಬಿಟ್ಟ ಚಪ್ಪಲಿಗಳನ್ನೆಲ್ಲಾ ಅವನು ಜೋಡಿ ಜೋಡಿಯಾಗಿ, ದೊಡ್ಡವುಗಳಿಂದ ಸಣ್ಣವುಗಳ ವರೆಗೆ ಸಾಲಾಗಿ ಇಡುತ್ತಾನೆ. ಮೊದಲು ಇದರಿಂದ ಜಗಳವಾಯಿತು. ಬರೆಯುವದಕ್ಕೆ ನಾಚಿಕೆಯಾಗುತ್ತದೆ, ಒಂದೇ ರೊಟ್ಟಿಯಲ್ಲಿ ಪಾಲು ತೆಗೆದುಕೊಳ್ಳುವ ನಾವು ಚಪ್ಪಲಿ ಬಿಡುವದರಲ್ಲಿ ಮಾತ್ರ ಹಳೆಯ ಕೇರಿಗಳ ಗುರುತನ್ನು ಉಳಿಸಿಕೊಂಡಿದ್ದೆವು. ಅವನು ಅಳತೆ ನೋಡಿದನು, ಕೇರಿ ನೋಡಲಿಲ್ಲ. ಒಂದು ದಿನ ನಾನು ಅವನ ಪಕ್ಕದಲ್ಲಿ ಕುಕ್ಕರಿಸಿ, ಏನೂ ಮಾತಾಡದೆ, ಒಂದು ಜೋಡನ್ನು ಸಾಲಿನಲ್ಲಿ ಇಟ್ಟೆನು. ಅವನು ಅದನ್ನು ಒಂದು ಬೆರಳಿನಷ್ಟು ಸರಿಸಿದನು. ಇನ್ನೊಂದನ್ನು ಇಟ್ಟೆನು, ಅದನ್ನು ಸರಿಸಲಿಲ್ಲ. ಆಗ ತಲೆಯೆತ್ತಿ ನನ್ನ ಮುಖವನ್ನು ನೋಡಿದನು. ಎರಡು ವರುಷಗಳಲ್ಲಿ ಅದೇ ಮೊದಲನೆಯ ಸಾರಿ.

ಈಗ ಅವನಿಗೆ ಪ್ರತಿಯೊಬ್ಬರ ಚಪ್ಪಲಿಯೂ ಗೊತ್ತು. ಸಭೆ ಬಿಟ್ಟಾಗ, ಕಣ್ಣು ಮಂಜಾದ ನಮ್ಮ ಹಿರಿಯಜ್ಜಿಯು ಹೊಸ್ತಿಲಲ್ಲಿ ಕೋಲೂರಿ ಸುಮ್ಮನೆ ನಿಲ್ಲುತ್ತಾಳೆ. ಅವನು ಅವಳ ಜೋಡನ್ನು ತಂದು ಎಡಗಾಲಿನದನ್ನು ಎಡಕ್ಕೆ, ಬಲಗಾಲಿನದನ್ನು ಬಲಕ್ಕೆ ಇಡುತ್ತಾನೆ. ಅವಳು ಕೈ ಚಾಚಿ ಅವನ ತಲೆಯನ್ನು ಹುಡುಕುತ್ತಾಳೆ. ಕೆಲವು ಸಾರಿ ಅವನು ತಪ್ಪಿಸಿಕೊಂಡು ಓಡುತ್ತಾನೆ, ಕೆಲವು ಸಾರಿ ನಿಲ್ಲುತ್ತಾನೆ.