ಹಗಲಿಗೂ ಒಂದು ಹಾಸಿಗೆ

ನಮ್ಮ ಬೀದಿಯ ಮೆಡಿಕಲ್ ಸ್ಟೋರಿನ ಫ್ರಿಜ್ಜಿನಲ್ಲಿ ಮಾರಾಟಕ್ಕಿಲ್ಲದ ಒಂದು ಇನ್ಸುಲಿನ್ ಸೀಸೆ ಇರುತ್ತದೆ. ಅದಕ್ಕೆ ಅಂಟಿಸಿದ ಚೀಟಿಯ ಮೇಲೆ ‘ಅಜ್ಜ’ ಎಂದಷ್ಟೇ ಬರೆದಿದೆ. ಎದುರಿನ ಫುಟ್‌ಪಾತಿನಲ್ಲಿ ಮಲಗುವ ಮುದುಕರ ಔಷಧಿ ಅದು. “ಬಿಸಿಲಿಗೆ ಕೆಟ್ಟೋಗುತ್ತಂತೆ ಕಣಪ್ಪ, ನಾನೆಲ್ಲಿ ಇಟ್ಕೊಳ್ಳಲಿ?” ಎಂದು ಅವರು ಕೇಳಿದ ದಿನದಿಂದ ಅಂಗಡಿಯ ಹುಡುಗ ಜೋಪಾನ ಮಾಡುತ್ತಿದ್ದಾನೆ. ಭಾನುವಾರ ಅಂಗಡಿ ತಡವಾಗಿ ತೆರೆಯುತ್ತದೆ. ಅಲ್ಲಿಯವರೆಗೂ ಅಜ್ಜ ತಿಂಡಿ ಮುಟ್ಟದೆ ಮೆಟ್ಟಿಲ ಮೇಲೆ ಕೂತಿರುತ್ತಾರೆ.

ಅವರ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಿದೆ. ಡಾಕ್ಟರು ಹೇಳಿದ್ದೆಲ್ಲ ಅವರಿಗೆ ಬಾಯಿಪಾಠ: ಗಾಯ ಒದ್ದೆಯಾಗಬಾರದು, ಕಾಲು ಎತ್ತರಿಸಿ ಮಲಗಬೇಕು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು. ಸಲಹೆಯಲ್ಲಿ ತಪ್ಪೇನಿಲ್ಲ. ಆದರೆ ಅದು ಮನೆಯಿದ್ದವರಿಗೆ ಬರೆದ ಚೀಟಿ. ಇಂಜೆಕ್ಷನ್ ತೆಗೆದುಕೊಂಡು ಊಟ ಸಿಗದಿದ್ದರೆ ಸಕ್ಕರೆ ಇಳಿದು ಕಣ್ಣು ಕತ್ತಲಿಡುತ್ತದೆ. ರಸ್ತೆಯಲ್ಲಿ ತೂರಾಡುವ ಮುದುಕನನ್ನು ಕಂಡರೆ ನಾವು ಅಂದುಕೊಳ್ಳುವುದು ಒಂದೇ, ಕುಡಿದಿದ್ದಾನೆ ಎಂದು.

ಕ್ಷಯದ ಕಥೆಯೂ ಹೀಗೇ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಸರ್ಕಾರವೇ ಕೊಡುತ್ತದೆ. ಆದರೆ ಆ ಹಣ ಬರುವುದು ಬ್ಯಾಂಕ್ ಖಾತೆಗೆ. ಮಾತ್ರೆ, ಪಾಸ್‌ಬುಕ್ಕು, ಆಧಾರ್ ಕಾರ್ಡು ಎಲ್ಲವೂ ಇರುವ ಒಂದೇ ಚೀಲ ಒಂದು ರಾತ್ರಿ ಕಳುವಾದರೆ ಚಿಕಿತ್ಸೆ ಅಲ್ಲಿಗೇ ನಿಂತಿತು.

ಅಮೆರಿಕದ ಬಾಸ್ಟನ್ನಿನಲ್ಲಿ 1985ರಲ್ಲಿ ಜಿಮ್ ಓಕಾನಲ್ ಎಂಬ ಎಳೆಯ ಡಾಕ್ಟರು ಮನೆಯಿಲ್ಲದವರ ಚಿಕಿತ್ಸೆಗೆಂದು ಒಂದು ವರ್ಷದ ಮಟ್ಟಿಗೆ ಹೋದರು. ಅಲ್ಲಿನ ನರ್ಸ್ ಬಾರ್ಬರಾ ಮ್ಯಾಕಿನಿಸ್ ಈ ಡಾಕ್ಟರ ಸ್ಟೆತಸ್ಕೋಪ್ ಒಳಗಿಡಿಸಿ, ಬಂದವರ ಪಾದ ತೊಳೆಯಲು ಕೂರಿಸಿದರು. ಕಾಲು ಹಿಡಿದು ಕೂತವರೊಂದಿಗೆ ಜನ ಬಾಯಿ ಬಿಟ್ಟು ಮಾತಾಡಿದರು. ಓಕಾನಲ್ ಅದೇ ಕೆಲಸದಲ್ಲಿ ಉಳಿದುಬಿಟ್ಟರು. ಆಸ್ಪತ್ರೆಯಿಂದ ಬಿಡುಗಡೆಯಾದರೂ ಬೀದಿಗೆ ಮರಳುವಷ್ಟು ಚೇತರಿಸಿಕೊಳ್ಳದವರಿಗಾಗಿ ಅಲ್ಲಿ ಹಾಸಿಗೆಗಳಿರುವ ಒಂದು ಆರೈಕೆ ಮನೆ ಇದೆ. ಅದಕ್ಕೆ ಇಟ್ಟಿರುವುದು ಆ ನರ್ಸಿನ ಹೆಸರನ್ನೇ.

ಅಷ್ಟು ದೂರ ಏಕೆ, ಚೆನ್ನೈನ ‘ದಿ ಬ್ಯಾನ್ಯನ್’ ಸಂಸ್ಥೆ 1993ರಿಂದ ಬೀದಿಪಾಲಾದ ಮಾನಸಿಕ ಅಸ್ವಸ್ಥ ಮಹಿಳೆಯರನ್ನು ನೋಡಿಕೊಳ್ಳುತ್ತಿದೆ. ವರ್ಷಗಟ್ಟಲೆ ಆಸ್ಪತ್ರೆಯಲ್ಲೇ ಉಳಿದುಹೋದವರಿಗೆ ಅದು ಊರೊಳಗೆ ಸಾಮಾನ್ಯ ಬಾಡಿಗೆ ಮನೆ ಹಿಡಿದುಕೊಡುತ್ತದೆ. ನಾಲ್ಕೈದು ಮಂದಿ ಒಟ್ಟಿಗಿದ್ದು ಅಡುಗೆ ಮಾಡಿಕೊಂಡು, ನೆರೆಯವರ ಜೊತೆ ಮಾತಾಡಿಕೊಂಡು ಬದುಕುತ್ತಾರೆ. ಸಹಾಯಕ್ಕೆ ಸಿಬ್ಬಂದಿ ಇರುತ್ತಾರೆ. ಮೊದಲು ಗುಣವಾಗಲಿ, ಆಮೇಲೆ ಮನೆ ನೋಡೋಣ ಎನ್ನುವುದು ನಮ್ಮ ರೂಢಿ. ಅದು ತಲೆಕೆಳಗು ಎಂದೇ ನನ್ನ ನಂಬಿಕೆ. ಸೂರು ಸಿಕ್ಕ ಮೇಲೆಯೇ ಮದ್ದು ನಾಟುವುದು.

ದೊಡ್ಡ ನಗರಗಳಲ್ಲಿ ಲಕ್ಷ ಜನಕ್ಕೊಂದರಂತೆ, ದಿನದ 24 ಗಂಟೆಯೂ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನಮ್ಮ ಬಾಯಲ್ಲಿ ಮಾತ್ರ ಅದು ಇಂದಿಗೂ ‘ರಾತ್ರಿ’ ಆಶ್ರಯ ಕೇಂದ್ರ. ಅಜ್ಜ ಒಮ್ಮೆ ಅಂಥ ಕಡೆ ನಾಲ್ಕು ದಿನ ಇದ್ದು ವಾಪಸ್ ಬಂದರು. “ರಾತ್ರಿ ಮಲಗೋಕೆ ಚೆನ್ನಾಗಿದೆ. ಬೆಳಿಗ್ಗೆ ಎದ್ದು ಹೊರಡು ಅಂತಾರೆ. ಈ ಕಾಲಿಟ್ಕೊಂಡು ಎಲ್ಲಿಗೆ ಹೋಗಲಿ?”

ಕಾಯಿಲೆಯವರಿಗೆ ಬೇಕಾಗಿರುವುದು ಹಗಲಿನ ಹಾಸಿಗೆ, ಬೀಗ ಹಾಕುವ ಪುಟ್ಟ ಪೆಟ್ಟಿಗೆ, ಒಂದು ಫ್ರಿಜ್ಜು, ವಾರಕ್ಕೆರಡು ಸಲ ಬರುವ ನರ್ಸು. ಬೀದಿಯಲ್ಲಿರುವವರ ಹೆಸರಿನಲ್ಲಿ ನಾವು ದುಡ್ಡನ್ನೂ ಕೊಡುತ್ತಿದ್ದೇವೆ. ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುತ್ತೇವೆ. ಸ್ವಂತ ಮನೆಯಿದ್ದರೆ ನಿಮ್ಮ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ನೋಡಿದ ಮೇಲೆ, ನಿಮ್ಮ ಊರಿನ ಆಶ್ರಯ ಕೇಂದ್ರ ಬೆಳಿಗ್ಗೆ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆ ಎಂದು ದಯವಿಟ್ಟು ಹೋಗಿ ವಿಚಾರಿಸಿ.