ಅಮಾವಾಸ್ಯೆ ದಿನ ಆಪರೇಷನ್ ಮಾಡಿಸಬಹುದೇ?

ಪ್ರಶ್ನೆ: ನಮ್ಮ ಅತ್ತೆಯವರ ಗರ್ಭಕೋಶದಲ್ಲಿ ಗಡ್ಡೆ ಇದೆ. ತಡ ಮಾಡಬೇಡಿ ಎಂದು ರಾಯಚೂರಿನ ಡಾಕ್ಟರು ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಆ ದಿನ ಅಮಾವಾಸ್ಯೆ. ಮುಂದೂಡಿ ಮೊದಲು ಶಾಂತಿ ಮಾಡಿಸೋಣ ಎಂದು ಮನೆಯವರು ಹೇಳುತ್ತಾರೆ. ಅದಕ್ಕೆ ಸಾಲ ಮಾಡಬೇಕು. ಮುದಗಲ್ಲಿನ ನನ್ನ ಕ್ಯಾಥೋಲಿಕ್ ಗೆಳತಿ, ‘ದೇವರ ಚಿತ್ತಕ್ಕೆ ಬಿಟ್ಟು, ಪ್ರಾರ್ಥನೆ ಮಾಡಿ ಹೋಗ್ರಿ’ ಅನ್ನುತ್ತಾಳೆ. ನಾನು ಒತ್ತಾಯ ಮಾಡಿ ಏನಾದರೂ ಹೆಚ್ಚುಕಡಿಮೆ ಆದರೆ ಜೀವನಪೂರ್ತಿ ಮಾತು ಕೇಳಬೇಕಾದೀತು. ದಾರಿ ತೋರಿಸಿ.
— ಒಬ್ಬ ಸಹೋದರಿ, ಲಿಂಗಸುಗೂರು

ಉತ್ತರ: ತಂಗೀ, ಪತ್ರಿಕೆ ಅಚ್ಚಾಗಿ ಬರುವಷ್ಟರಲ್ಲಿ ದಿನ ದಾಟಬಾರದೆಂದು ನಿಮಗೆ ಬೇರೆ ಕಾಗದ ಹಾಕಿದ್ದೇನೆ. ಅದರಲ್ಲಿ ಬರೆದದ್ದು ಒಂದೇ ಮಾತು: ಡಾಕ್ಟರು ಕೊಟ್ಟ ದಿನವೇ ಹೋಗ್ರಿ. ಇದೇ ಸಂಕಟ ಬಹಳ ಮನೆಗಳಲ್ಲಿ ಇರುವುದರಿಂದ ಕಾರಣವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮುಹೂರ್ತ ಇರುವುದು ಮದುವೆ, ಮುಂಜಿ, ಗೃಹಪ್ರವೇಶದಂಥ ಕೆಲಸಗಳಿಗೆ. ಅಲ್ಲಿ ದಿನ ಆರಿಸುವ ಅವಕಾಶ ನಮ್ಮ ಕೈಯಲ್ಲಿರುತ್ತದೆ. ರೋಗ ನಮ್ಮನ್ನು ಕೇಳಿ ಬರುವುದಿಲ್ಲ. ಆಪತ್ತು ಬಂದಾಗ ನಿಯಮ ಸಡಿಲವಾಗುತ್ತದೆ ಎಂದು ಹೇಳಲಿಕ್ಕೇ ಶಾಸ್ತ್ರದಲ್ಲಿ ಆಪದ್ಧರ್ಮ ಅಂತ ಇದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಾಗ ಸಿಂಧನೂರು ಕಡೆಯ ರೈತರು ರಾಹುಕಾಲ ಮುಗೀಲಿ ಅಂತ ಬದುವಿನ ಮೇಲೆ ಕೂಡ್ತಾರೇನು? ನೀರು ಬಂದಾಗ ನಾಟಿ. ಹಾಗೆಯೇ ವೈದ್ಯ ಸಿಕ್ಕಾಗ ಚಿಕಿತ್ಸೆ.

ಇನ್ನು ಅಮಾವಾಸ್ಯೆ ಕೆಟ್ಟದ್ದು ಅಂತೀರಲ್ಲ, ದೀಪಾವಳಿಯ ಲಕ್ಷ್ಮೀಪೂಜೆ ಯಾವತ್ತು? ಅಮಾವಾಸ್ಯೆ. ಮಣ್ಣೆತ್ತಿನ ಪೂಜೆ ಮಾಡುವುದು ಅಮಾವಾಸ್ಯೆ. ಎಳ್ಳಮವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೀರಿ. ಲಕ್ಷ್ಮಿ ಬರುವ ದಿನ ವೈದ್ಯ ಬರಬಾರದೇನು?

ಇದಕ್ಕಿಂತ ದೊಡ್ಡ ಕಾರಣ ಸಂಕಲ್ಪದಲ್ಲಿದೆ. ಪೂಜೆಗೆ ಕೂತಾಗ ಪುರೋಹಿತರು ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಲ್ಲ ಹೇಳಿ, ಕೊನೆಗೆ ‘ಶುಭತಿಥೌ’ ಅನ್ನುತ್ತಾರೆ. ಗಮನಿಸಿದ್ದೀರಾ? ಪಾಡ್ಯವಿರಲಿ, ಅಷ್ಟಮಿಯಿರಲಿ, ಅಮಾವಾಸ್ಯೆಯಿರಲಿ, ನಿತ್ಯಪೂಜೆಯ ಸಂಕಲ್ಪದಲ್ಲಿ ಆ ದಿನ ಶುಭವೇ. ದೇವರು ಇವತ್ತು ಯಾವ ದಿನ ಕೊಟ್ಟಿದ್ದಾನೋ ಅದನ್ನು ಶುಭವೆಂದು ಒಪ್ಪಿಕೊಂಡು, ‘ಪರಮೇಶ್ವರ ಪ್ರೀತ್ಯರ್ಥ’ ಎಂದು ಕೆಲಸ ಶುರು ಮಾಡುವುದು. ನಿತ್ಯ ಬಾಯಲ್ಲಿ ಹೇಳುವ ಈ ಮಾತನ್ನು ಮನಸ್ಸಿಗೆ ಇಳಿಸಿಕೊಂಡರೆ ಅರ್ಧ ಭಯ ಹೋಗುತ್ತದೆ.

ನಿಮ್ಮ ಗೆಳತಿ ಹೇಳಿದ್ದೂ ಇದೇ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ದೇವರ ಚಿತ್ತದಂತೆ ಆಗಲಿ ಎಂಬ ಬೇಡಿಕೆ ಇದೆ, ಆ ದಿನದ ಅನ್ನವನ್ನು ಆ ದಿನಕ್ಕೆ ಕೊಡು ಎಂಬ ಬೇಡಿಕೆಯೂ ಇದೆ. ಮುಂಜಾನೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಗಂಟೆ ಬಾರಿಸಿ ಪ್ರಾರ್ಥಿಸುವ ಪದ್ಧತಿ ಕ್ಯಾಥೋಲಿಕರಲ್ಲಿದೆ. ನಮ್ಮ ಸಂಧ್ಯಾವಂದನೆಯೂ ಮೂರು ಹೊತ್ತಿನದೇ. ಹೆಸರು ಬೇರೆ, ಭಾಷೆ ಬೇರೆ, ಬಾಗುವ ತಲೆ ಒಂದೇ. ಆಕೆ ನಿಮ್ಮ ಅತ್ತೆಗಾಗಿ ಪ್ರಾರ್ಥಿಸುತ್ತೇನೆ ಅಂದರೆ ಬೇಡ ಅನ್ನಬೇಡಿ.

ಆ ದಿನದ ಅನ್ನ ಎಂದೆನಲ್ಲ, ನಿಮ್ಮದೇ ತಾಲೂಕಿನ ಅಮರೇಶ್ವರದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರನ್ನು ನೆನೆಯಿರಿ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ಮಾಡಿದವರು. ಒಂದು ದಿನ ಗಂಡ ಹೆಚ್ಚು ಅಕ್ಕಿ ತಂದರೆ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಾಕೆ ಲಕ್ಕಮ್ಮ. ನಾಳೆಯ ಚಿಂತೆ ದೇವರಿಗೆ ಬಿಟ್ಟರು, ಇವತ್ತಿನ ಕಾಯಕ ಮಾತ್ರ ಬಿಡಲಿಲ್ಲ. ದೇವರ ಇಚ್ಛೆ ಅಂತ ಕೈಕಟ್ಟಿ ಕೂಡುವುದು ನಂಬಿಕೆಯಲ್ಲ, ಆಲಸ್ಯ.

ಸಾಲ ಮಾಡಿ ಶಾಂತಿ ಬೇಡವೇ ಬೇಡ. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಅಶೋಕನ ಶಾಸನ ಹೇಳುವುದೂ ಅದೇ: ಉನ್ನತಿ ದೊಡ್ಡವರಿಗಷ್ಟೇ ಅಲ್ಲ, ಧರ್ಮದಲ್ಲಿ ನಡೆಯುವ ಸಣ್ಣವರಿಗೂ ಸಾಧ್ಯ. ಆ ದುಡ್ಡು ಔಷಧಕ್ಕಿರಲಿ.

ಹೊರಡುವ ದಿನ ಹೀಗೆ ಮಾಡಿರಿ. ಬೆಳಿಗ್ಗೆ ಸ್ನಾನ ಮಾಡಿ ದೇವರ ಮುಂದೆ ತುಪ್ಪದ ದೀಪ ಹಚ್ಚಿರಿ. ಮಂತ್ರ ಬಾರದಿದ್ದರೆ ಕನ್ನಡದಲ್ಲೇ, ಅತ್ತೆಯ ಹೆಸರು ಹೇಳಿ, ಗುಣವಾಗಲಿ ಎಂದು ಬಾಯಿಬಿಟ್ಟು ಬೇಡಿರಿ. ಬೇಡುವುದು ತಪ್ಪಲ್ಲ. ಬೇಡಿದ ಮೇಲೆ, ನಿನ್ನ ಇಚ್ಛೆ ಎಂದು ಒಂದು ಉದ್ಧರಣೆ ನೀರು ಬಿಟ್ಟು ನಮಸ್ಕರಿಸಿರಿ. ಬರುವವರಿದ್ದರೆ ಮೃತ್ಯುಂಜಯ ಜಪ 11 ಸಲ ಸಾಕು. ಡಾಕ್ಟರು ಉಪವಾಸ ಹೇಳಿದ್ದರೆ ಅತ್ತೆಗೆ ತೀರ್ಥ ಸಹ ಕೊಡಬೇಡಿ, ಹಣೆಗೆ ಪ್ರಸಾದದ ಗಂಧ ಹಚ್ಚಿರಿ.

ಫಲ ಹೀಗೇ ಎಂದು ನಾನು ಹೇಳಲಾರೆ. ಯಾವ ಜೋಯಿಸರೂ ಹೇಳಬಾರದು. ಅದಕ್ಕೇ ಮನೆಯ ಹಿರಿಯರಿಗೂ ಒಂದು ಮಾತು. ಈ ಪುಟ ಅವರಿಗೆ ಓದಿ ಹೇಳಿರಿ. ಸೊಸೆ ಒಬ್ಬಳ ತಲೆಗೆ ಈ ನಿರ್ಧಾರ ಕಟ್ಟಬೇಡಿ. ಎಲ್ಲರೂ ಕೂಡಿ ದೀಪದ ಮುಂದೆ ಕೈಮುಗಿದು, ಎಲ್ಲರೂ ಒಪ್ಪಿ ಹೊರಡಿ. ನಾಳೆ ಏನೇ ಆದರೂ ‘ಅಮಾವಾಸ್ಯೆ ದಿನ ನೀನೇ ಒಯ್ದೆ’ ಎಂಬ ಮಾತು ಆ ಮನೆಯಲ್ಲಿ ಹುಟ್ಟಬಾರದು. ಹಾಗೆ ಅಂದವರು ಸೊಸೆಯನ್ನಲ್ಲ, ತಾವೇ ಕೈಮುಗಿದ ದೇವರನ್ನು ದೂರಿದಂತೆ.

ಅತ್ತೆಯವರು ಗುಣವಾಗಿ ಮನೆಗೆ ಬರಲಿ. ಶುಭವಾಗಲಿ.