ಕಾಣಲಿಲ್ಲ

ಕಬ್ಬಾಳು ಬೆಟ್ಟದ ಬುಡದ ಹಳ್ಳದಲ್ಲಿ ಮಳೆಗಾಲ ಕಳೆದ ಮೇಲೂ ಕೆಲವು ವಾರ ನೀರಿರುತ್ತದೆ. ಅದರಲ್ಲಿ ಮುಳುಗಿದ್ದ ಹೊಂಗೆಯ ಕೊರಡಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ಮಾಸಲು ಬಿಳಿ ಬಟ್ಟಲುಗಳನ್ನು ಮೊದಲು ಕಂಡವಳು ನಾನಲ್ಲ, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ. "ಮಿಸ್, ನೀರೊಳಗೂ ಅಣಬೆ ಬೆಳೆಯುತ್ತಾ?" ಎಂದಳು. ಸಮಾಜ ಪಾಠ ಹೇಳುವ ನನಗೇನು ಗೊತ್ತು!

ಆಮೇಲೆ ಓದಿ ತಿಳಿದುಕೊಂಡೆ. 1942ರಲ್ಲಿ ಇಂಗ್ಲೆಂಡಿನ ಇಂಗೋಲ್ಡ್ ಎಂಬ ವಿಜ್ಞಾನಿ, ತೊರೆಯಲ್ಲಿ ಕೊಳೆಯುವ ಎಲೆಗಳ ಮೇಲಿನ ಶಿಲೀಂಧ್ರಗಳ ವಿಷಯ ಬರೆದರು. ಅವುಗಳಲ್ಲಿ ಹಲವಕ್ಕೆ ನಾಲ್ಕು ತೋಳು ಚಾಚಿದ ನಕ್ಷತ್ರದಂಥ ಬೀಜಕಣ. ಅವು ತೊರೆಯ ನೊರೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಮಂಗಳೂರು ವಿಶ್ವವಿದ್ಯಾಲಯದ ಕಾವೇರಿಯಪ್ಪ, ಶ್ರೀಧರ್ ಅವರು 1980ರ ದಶಕದಲ್ಲಿ ನಮ್ಮ ಪಶ್ಚಿಮಘಟ್ಟದ ತೊರೆಗಳಲ್ಲೇ ಇಂಥವನ್ನು ಹುಡುಕಿದರು. ಗಟ್ಟಿ ಎಲೆ, ಕಟ್ಟಿಗೆಯನ್ನು ಇವು ಮೆತ್ತಗೆ ಮಾಡಿಕೊಟ್ಟರೆ ನೀರಿನ ಹುಳುಗಳಿಗೆ ಊಟ, ಆ ಹುಳುಗಳಿಂದ ಮೀನಿಗೆ ಊಟ. ಒಂದು ಲೆಕ್ಕಕ್ಕೆ ಹಳ್ಳದ ಅಡಿಗೆಮನೆ ಇವುಗಳದೇ ಅನ್ನಿ.

ನಮ್ಮ ಕೊರಡಿನದು ಯಾವ ಜಾತಿಯೋ, ಹೆಸರು ಹಿಡಿಯುವ ಶಕ್ತಿ ನನಗಿಲ್ಲ. ಆದರೂ ಪ್ರತಿ ಶನಿವಾರ ಮಧ್ಯಾಹ್ನ ಭೂತಗನ್ನಡಿ ಹಿಡಿದು ಹೋಗಿ, ತಾರೀಖು ಹಾಕಿ, 'ಕಂಡಿತು', 'ಕಾಣಲಿಲ್ಲ' ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆವು.

ಅತ್ತೆಯವರಿಗೆ ಜ್ವರ ಬಂದಾಗ ಎರಡು ಶನಿವಾರ ನಾನು ಹೋಗಲಿಲ್ಲ. ಮಕ್ಕಳನ್ನೂ ಕಳಿಸಲಿಲ್ಲ. ಪುಟ ಖಾಲಿ ಬಿಡಲು ಮನಸ್ಸಾಗದೆ ಎರಡಕ್ಕೂ 'ಕಾಣಲಿಲ್ಲ' ಎಂದು ಬರೆದೆ. ಸುಳ್ಳೇನಲ್ಲ, ಮನೆಯಲ್ಲಿ ಕೂತವಳಿಗೆ ಅದು ಹೇಗೆ ಕಂಡೀತು?

ಆ ಹುಡುಗಿ ಬಿಡಲಿಲ್ಲ. "ಅವತ್ತು ನೀವು ಬಂದೇ ಇಲ್ಲವಲ್ಲ ಮಿಸ್. ಆಮೇಲೆ ಇದನ್ನ ಓದಿದವರು ಆ ವಾರ ಅಣಬೆ ಇರಲಿಲ್ಲ ಅಂದ್ಕೊಳ್ತಾರೆ" ಎಂದಳು. ನನ್ನ ಕೆಂಪು ಪೆನ್ನನ್ನೇ ಈಸಿಕೊಂಡು, ಎರಡು ಕಡೆಯೂ ಹೊಡೆದುಹಾಕಿ 'ಹೋಗಲಿಲ್ಲ' ಎಂದು ಬರೆದಳು. ಮಕ್ಕಳ ಮುಂದೆ ನನಗೆ ಸ್ವಲ್ಪ ಸಿಟ್ಟೂ ಬಂತು, ಮುಚ್ಚಿಡುವುದೇಕೆ.

ಬೇಸಿಗೆ ರಜೆ ಮುಗಿದ ಮೇಲೆ ಅವಳು ಶಾಲೆಗೆ ಬರಲಿಲ್ಲ. ಮದುವೆ ಮಾಡಿಬಿಟ್ಟಿದ್ದರು, ದೂರದ ಊರಿಗೆ. "ಪರೀಕ್ಷೆಗೆ ಮುಂಚೆ ನಿಮಗೇನಾದರೂ ಕಂಡಿತ್ತಾ ಮೇಡಂ?" ಎಂದು ಹೆಡ್‌ಮಾಸ್ಟರು ಕೇಳಿದರು. ಕೊನೆಯ ತಿಂಗಳೆಲ್ಲ ಅವಳು ಹಿಂದಿನ ಬೆಂಚಿಗೆ ಹೋಗಿ ಕೂರುತ್ತಿದ್ದಳು. ನೋಟ್‌ಬುಕ್ಕನ್ನು ಬೇರೆಯವಳಿಗೆ ಕೊಟ್ಟುಬಿಟ್ಟಿದ್ದಳು. ಯಾಕಮ್ಮಾ ಎಂದು ಒಂದು ದಿನ ಕರೆದು ಕೂರಿಸಿಕೊಂಡಿದ್ದರೆ ಹೇಳುತ್ತಿದ್ದಳೋ ಏನೋ. ನನಗೆ ಪೋರ್ಷನ್ ಮುಗಿಸುವ ಅವಸರ.

"ಏನೂ ಕಾಣಲಿಲ್ಲ ಸಾರ್" ಎಂದೆ.

ಮಳೆ ಬಂದು ಹಳ್ಳ ಮತ್ತೆ ಹರಿಯಿತು. ಕೊರಡು ಅಲ್ಲೇ ಇದೆ, ಅದರ ಮೇಲೆ ಬಟ್ಟಲುಗಳೂ ಇವೆ. ನೋಟ್‌ಬುಕ್ ಬಿಡಿಸಿದಾಗಲೆಲ್ಲ ಆ ಎರಡು ಕೆಂಪು ಸಾಲು ಕಾಣುತ್ತವೆ.